ವರ್ಷಕ್ಕೆ ಹನ್ನೆರಡು ಮೊಳ

ಗುಡಿಗೂ ಹೊಳೆಗೂ ನಡುವೆ ಇನ್ನು ಇಪ್ಪತ್ತೆರಡು ಮೊಳ ಮಾತ್ರ ಉಳಿದಿದೆ ಎಂದು ಊರಿನಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾದದ್ದು ನನಗೆ. ಅಳೆಯುವ ಹಗ್ಗ ನಮ್ಮ ಮನೆಯಲ್ಲಿತ್ತು. ಮುತ್ತಜ್ಜನಿಂದ ಅಜ್ಜನಿಗೆ, ಅಜ್ಜನಿಂದ ನನ್ನ ಅಪ್ಪ ಚೌರಪ್ಪನಿಗೆ ಬಂದ ಕೆಲಸ ಅದು. ಅಪ್ಪನಿಗೆ ಗಂಡುಮಕ್ಕಳಿಲ್ಲದ್ದರಿಂದ ಅದು ಮಗಳು ಜಪಮಾಲೆಗೆ, ಅಂದರೆ ನನಗೆ, ಬಂತು. ಪ್ರತಿ ವರ್ಷ ಪಾಸ್ಕ, ಅಂದರೆ ಈಸ್ಟರ್ ಹಬ್ಬ ಕಳೆದು ಬರುವ ಗುರುವಾರ ನಡುಮಧ್ಯಾಹ್ನ ಗುಡಿ ಮುಂದಕ್ಕೆ ನಡೆಯುತ್ತದೆ. ಅದು ನಿಂತ ಮೇಲೆ, ಎಷ್ಟು ನಡೆಯಿತು, ಯಾರ ಹೊಲದೊಳಕ್ಕೆ ಎಷ್ಟು ಬಂತು ಎಂದು ಅಳೆದು, ಸಂಜೆ ಮೆಟ್ಟಿಲ ಮೇಲೆ ನಿಂತು ಜನಕ್ಕೆ ಹೇಳಬೇಕು. ಪ್ರತಿ ವರ್ಷ ಹೇಳುವುದು ಒಂದೇ ಮಾತು, ಹನ್ನೊಂದು ಮೊಳ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಆದರೂ ಅಳೆಯದೆ ಹೇಳಿದರೆ ಯಾರೂ ಕೇಳುವುದಿಲ್ಲ.

ಪಟ್ಟಣದವರು ಚರ್ಚು ಎನ್ನುತ್ತಾರೆ, ನಾವು ಗುಡಿ ಎನ್ನುತ್ತೇವೆ. ಸಂತ ಸಂದ್ಯಾಗಪ್ಪನವರ ಗುಡಿ. ಕಲ್ಲಿನ ಗೋಡೆ, ಹೆಂಚಿನ ಮಾಡು, ಒಂದೇ ಗಂಟೆ. ಅದನ್ನು ಕಟ್ಟಿದವರು ಹಡಗಿನಲ್ಲಿ ಬಂದ ಒಬ್ಬ ಗಡ್ಡದ ಸ್ವಾಮಿಗಳು. ಅವರ ಹೆಸರು ನಮ್ಮ ಹಿರಿಯರ ಬಾಯಿಗೆ ಸಿಗದೆ ದಾಡಿ ಸ್ವಾಮಿ ಎಂದೇ ಉಳಿದರು. ಪಡುವಣ ದಿಕ್ಕಿನ ಗುಂಡುಬಂಡೆಯ ಬುಡದಲ್ಲಿ ಹದಿನಾಲ್ಕು ಮನೆಯವರನ್ನು ಕೂಡಿಸಿಕೊಂಡು ಗುಡಿ ಕಟ್ಟಿದರಂತೆ. ಮೊದಲ ವರ್ಷ ಗುಡಿ ನಡೆದಾಗ ಅವರು ಊಟಕ್ಕೆ ಕೂತಿದ್ದರು. ಕೈ ತೊಳೆಯಲು ಹೊರಗೆ ಬಂದು ನೋಡಿದರೆ, ಬಾಗಿಲ ಮುಂದೆ ತಾವೇ ನೆಟ್ಟಿದ್ದ ಸಂಪಿಗೆ ಗಿಡ ಗುಡಿಯ ಒಳಗಿತ್ತು. ಬಿಷಪರಿಗೆ ಕಾಗದ ಬರೆದರು. ಬಿಸಿಲು ಹೆಚ್ಚಾಗಿದ್ದರೆ ತಲೆಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಿ ಎಂದು ಅಲ್ಲಿಂದ ಉತ್ತರ ಬಂತು. ಎರಡನೆಯ ವರ್ಷ ಅವರು ಬರೆಯಲಿಲ್ಲ. ಗುಡಿ ಬಿಟ್ಟು ಹೋದ ಹನ್ನೊಂದು ಮೊಳ ಜಾಗದಲ್ಲಿ ಆ ವರ್ಷ ತೀರಿಕೊಂಡವರನ್ನು ಹೂಳಲು ಶುರುಮಾಡಿದರು.

ಅಂದಿನಿಂದ ನಮ್ಮ ಗೋರಿಗಳು ಒಂದು ಸಾಲಾಗಿ ಬೆಳೆದಿವೆ. ಗುಂಡುಬಂಡೆಯಿಂದ ಗುಡಿಯ ಹಿಂಬಾಗಿಲವರೆಗೆ ನೇರ ಪಟ್ಟಿ. ನಾವು ಅದನ್ನು ಗುಡಿಸಾಲು ಎನ್ನುತ್ತೇವೆ. ಯಾರು ಯಾವ ವರ್ಷ ಹೋದರು ಎಂಬುದಕ್ಕೆ ಪುಸ್ತಕ ತೆಗೆಯಬೇಕಾಗಿಲ್ಲ, ನಡೆದು ಎಣಿಸಿದರೆ ಸಾಕು. ಮಹಾಮಾರಿಯ ವರ್ಷದ ಹನ್ನೊಂದು ಮೊಳದಲ್ಲಿ ಜಾಗ ಸಾಲದೆ ಮೂರು ಸಾಲು ಹೂತಿದ್ದಾರೆ. ಅದರ ಮುಂದಿನ ವರ್ಷದ ಜಾಗದಲ್ಲಿ ಒಂದೂ ಗೋರಿ ಇಲ್ಲ, ಸಾಯಲು ಉಳಿದವರೇ ಕಡಿಮೆ. ಗುಡಿ ಯಾರ ಹೊಲದಲ್ಲಿ ನಿಂತಿದೆಯೋ ಆ ಮನೆಯವರಿಗೆ ಅಷ್ಟು ವರ್ಷ ಹಿಪ್ಪುನೇರಳೆ ಸೊಪ್ಪಿಗೆ ಜಾಗ ಇರುವುದಿಲ್ಲ. ಉಳಿದ ಮನೆಯವರು ದಿನಕ್ಕೊಬ್ಬರಂತೆ ಸೊಪ್ಪು ಕೊಯ್ದು ಅವರ ರೇಷ್ಮೆಹುಳಕ್ಕೆ ತಂದು ಹಾಕುತ್ತಾರೆ. ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಆ ಸಂಜೆ ಮೆಟ್ಟಿಲ ಮೇಲೆ ನಿಂತು ನಾನು ಹನ್ನೊಂದು ಮೊಳ ಎಂದೆ. ಜನ ಎಂದಿನಂತೆ ಏಳತೊಡಗಿದರು. "ಇನ್ನೊಂದು ಮಾತೈತೆ" ಎಂದು ನಿಲ್ಲಿಸಿದೆ. "ಮುಂದೆ ಹೊಳೆಗೆ ಇಪ್ಪತ್ತೆರಡು ಮೊಳ ಉಳಿದೈತೆ. ಇನ್ನೆರಡು ವರ್ಷ. ಮೂರನೇ ವರ್ಷ ಗುಡಿ ಕಾಲಿಡೋದು ನೀರಿಗೆ."

ಹೊಳೆ ಅಲ್ಲಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಗುಡಿ ಅತ್ತಲೇ ಹೋಗುತ್ತಿದೆ ಎಂದೂ ಗೊತ್ತಿತ್ತು. ಆದರೂ ಎಲ್ಲರೂ ನನ್ನನ್ನೇ ನೋಡಿದರು, ಹೊಳೆಯನ್ನು ನಾನೇ ತಂದು ಅಲ್ಲಿ ಹರಿಸಿದ ಹಾಗೆ. ವಾರಗಟ್ಟಲೆ ಕೆಲವರು ನನ್ನೊಡನೆ ಮಾತು ಬಿಟ್ಟರು. "ಅವಳಪ್ಪ ಇದ್ದಿದ್ರೆ ಹಿಂಗಾಯ್ತಿರ್ಲಿಲ್ಲ" ಎಂದು ಒಬ್ಬಾಕೆ ಬಾವಿಯ ಹತ್ತಿರ ಅಂದದ್ದು ನನ್ನ ಕಿವಿಗೂ ಬಿತ್ತು.

ನಮ್ಮ ವಿಚಾರಣೆಯ, ಅಂದರೆ ಧರ್ಮಕೇಂದ್ರದ, ಗುರುಗಳು ಆಗ ಲೂಕಾಸ್ ಸ್ವಾಮಿಗಳು. ಬಂದು ಒಂದು ವರ್ಷವಾಗಿತ್ತಷ್ಟೆ. ಉಬ್ಬಸದ ಮನುಷ್ಯ, ಮೆತ್ತಗಿನ ಮಾತು. ಅವರು ಬಿಷಪರಿಗೆ ತಿಳಿಸಿದರು. ಬಿಷಪರು ಒಬ್ಬ ಇಂಜಿನಿಯರನ್ನು ಕಳಿಸಿದರು. ಆತ ಎರಡು ದಿನ ದಡದ ಮೇಲೆ ಓಡಾಡಿ, ಗೋಡೆ ಬಡಿದು, ನೀರಿನ ಆಳ ನೋಡಿ, ಇನ್ನೂರು ಟನ್ನಿನ ಕಟ್ಟಡ, ಉಳಿಸುವುದು ಸಾಧ್ಯವಿಲ್ಲ ಎಂದು ಬರೆದುಕೊಟ್ಟ. ತಿಂಗಳೊಳಗೆ ಬಿಷಪರ ಆಜ್ಞೆ ಬಂತು. ಗುಡಿ ದಡ ಮುಟ್ಟಿದ ವರ್ಷವೇ ಪೀಠ, ಸಂತರ ಪ್ರತಿಮೆ, ಗಂಟೆ, ಜ್ಞಾನಸ್ನಾನದ ಪುಸ್ತಕಗಳು ಎಲ್ಲವೂ ತಾಲ್ಲೂಕಿನ ಚರ್ಚಿಗೆ ಹೋಗಬೇಕು. ನಮ್ಮದು ಸ್ವಂತ ಗುರುಗಳಿರುವ ಧರ್ಮಕೇಂದ್ರ ಎನ್ನಿಸಿಕೊಳ್ಳುವುದು ಅಲ್ಲಿಗೆ ಮುಗಿಯುತ್ತದೆ. ತಿಂಗಳಿಗೊಮ್ಮೆ ಅಲ್ಲಿಂದ ಒಬ್ಬ ಗುರುಗಳು ಬಂದು ಶಾಲೆಯ ಜಗಲಿಯಲ್ಲಿ ಪೂಜೆ ಮಾಡಿ ಹೋಗುತ್ತಾರೆ.

ಸ್ವಾಮಿಗಳು ಇದನ್ನು ಭಾನುವಾರ ಓದಿದರು. ಓದುತ್ತ ಓದುತ್ತ ಎರಡು ಸಲ ಉಸಿರಿಗೆ ನಿಂತರು. ಆಗ ಹಿಂದಿನಿಂದ ಮಿಕ್ಕೇಲಪ್ಪ ಎದ್ದ. ಅವನು ಊರಿನ ಕಲ್ಲುಕೆಲಸದವನು, ಎಪ್ಪತ್ತು ದಾಟಿದ್ದ. ಗುಡಿಯಲ್ಲಿ ಮಾತಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಸ್ವಾಮಿ, ಅದು ವರ್ಷಕ್ಕೆ ಹನ್ನೊಂದು ಮೊಳ ನಡೀತದೆ. ನಾವು ವರ್ಷಕ್ಕೆ ಹನ್ನೆರಡು ಮೊಳ ಸೇತುವೆ ಕಟ್ಟಿದ್ರೆ ಸಾಕು" ಎಂದ.

"ಮಿಕ್ಕೇಲಪ್ಪ, ಹೊಳೆ ಎಷ್ಟು ಅಗಲ ಇದೆ ಗೊತ್ತಾ?" ಎಂದರು ಸ್ವಾಮಿಗಳು.

"ಅದು ಹಗ್ಗದ ಮನೆಯೋರ ಕೆಲಸ" ಎಂದು ಅವನು ನನ್ನ ಕಡೆ ತಿರುಗಿದ. "ಎಷ್ಟವ್ವ ಜಪಮಾಲೆ?"

"ಮೂವತ್ತೆಂಟು ಮೊಳ, ಮಿಕ್ಕೇಲಣ್ಣ."

"ಹಂಗಾರೆ ಒಂದೇ ಸಲಕ್ಕೆ ಕಟ್ಬೇಕು ಅಂತ ಯಾರೂ ಕೇಳಿಲ್ವಲ್ಲ" ಎಂದು ಹೇಳಿ ಕೂತ.

ಆ ಒಂದು ಮಾತಿನಿಂದ ಊರು ಮತ್ತೆ ಉಸಿರಾಡಿತು. ಮರುದಿನದಿಂದಲೇ ಗುಂಡುಬಂಡೆಯ ಹಿಂದೆ ಕಲ್ಲು ಒಡೆಯುವ ಸದ್ದು ಶುರುವಾಯಿತು. ಮನೆಗೊಬ್ಬರು, ವಾರಕ್ಕೆ ಎರಡು ದಿನ. ರೇಷ್ಮೆಹುಳ ಹಣ್ಣಾಗಿ ಗೂಡು ಕಟ್ಟುವ ವಾರಗಳಲ್ಲಿ ಮಾತ್ರ ರಜೆ. ಕಲ್ಲು ಸಾಗಿಸುವ ಗಾಡಿಗಳು ಗುಡಿಸಾಲಿನ ಪಕ್ಕದಲ್ಲೇ ಬರಬೇಕಾಗಿತ್ತು. ಎತ್ತು ಹೊಡೆಯುವವರು ತಮ್ಮ ತಮ್ಮ ಹಿರಿಯರ ಗೋರಿ ಬಂದಾಗ ಒಂದು ಕ್ಷಣ ನಿಂತು ಹಣೆ ಮುಟ್ಟಿಕೊಂಡು ಮುಂದೆ ಹೊಡೆಯುತ್ತಿದ್ದರು. ಮೊದಲ ವರ್ಷ ಕಲ್ಲು ಒಡೆಯುವುದರಲ್ಲೇ ಕಳೆಯಿತು. ಎರಡನೆಯ ವರ್ಷ ಹೊಳೆಯ ಮರಳು ತೋಡಿ ತೋಡಿ ಕೆಳಗಿನ ಬಂಡೆ ಹುಡುಕುವುದರಲ್ಲಿ ಹೋಯಿತು. ಆ ವರ್ಷದ ಗುರುವಾರ ಗುಡಿ ಸರಿಯಾಗಿ ದಡದ ಅಂಚಿಗೆ ಬಂದು ನಿಂತಿತು. ಬಾಗಿಲು ತೆರೆದರೆ ಹೊಳೆ.

ಆಜ್ಞೆಯ ಪ್ರಕಾರ ಆಗಲೇ ಎಲ್ಲ ಸಾಗಿಸಬೇಕಿತ್ತು. ತಾಲ್ಲೂಕಿನಿಂದ ವ್ಯಾನೂ ಬಂತು. ಲೂಕಾಸ್ ಸ್ವಾಮಿಗಳು ಚಾಲಕನಿಗೆ ಕಾಫಿ ಕೊಟ್ಟು, ಊಟ ಹಾಕಿಸಿ, "ನೋಡಪ್ಪ, ಪ್ರತಿಮೆ ಇಳಿಸೋಕೆ ಆರು ಜನ ಬೇಕು. ನಮ್ಮ ಗಂಡಸರೆಲ್ಲ ಹೊಳೆಯಲ್ಲಿದ್ದಾರೆ. ಅವರಿಗೆ ಬಿಡುವಾದಾಗ ಹೇಳಿ ಕಳಿಸ್ತೀನಿ" ಎಂದು ಖಾಲಿ ವ್ಯಾನು ಕಳಿಸಿದರು. ಅವತ್ತೇ ಬಿಷಪರಿಗೆ, ಇನ್ನೊಂದು ವರ್ಷ ಕೊಡಿ ಎಂದು ತಮ್ಮ ಕೈಯಾರೆ ಬರೆದರು. ಆಮೇಲೆ ಅಂಗಿಯ ತೋಳು ಮಡಚಿ ಹೊಳೆಗೆ ಇಳಿದರು. ಉಬ್ಬಸದವರು ಕಲ್ಲು ಹೊರುವಂತಿರಲಿಲ್ಲ. ಗಾರೆ ಗಟ್ಟಿಯಾಗಲು ಬೆಲ್ಲದ ಜೊತೆ ಹಾಕುವ ಅಳಲೆಕಾಯಿ ಕುಟ್ಟುವ ಹೆಂಗಸರ ಜೊತೆ ಕೂತು ಕುಟ್ಟಿದರು.

ವರ್ಷಕ್ಕೆ ಎರಡು ಕಮಾನು, ಒಂದೊಂದು ಆರು ಮೊಳ. ಕಲ್ಲಿಗೆ ಕಲ್ಲು ಕೂರುವಂತೆ ಕೆತ್ತುವುದನ್ನು ಮಿಕ್ಕೇಲಪ್ಪ ಯಾರಿಗೂ ಬಿಡುತ್ತಿರಲಿಲ್ಲ. ಮೂರನೆಯ ವರ್ಷದ ಗುರುವಾರ ಮೊದಲ ಎರಡು ಕಮಾನು ಸಿದ್ಧವಾಗಿದ್ದವು. ನಡುಮಧ್ಯಾಹ್ನ ಗುಡಿ ಎದ್ದು, ನಾವು ಕಟ್ಟಿದ ಕಲ್ಲಿನ ಮೇಲೆ ಹನ್ನೊಂದು ಮೊಳ ಬಂದು ಕೂತಿತು. ಮುಂದೆ ಒಂದು ಮೊಳ ಕಲ್ಲು ಉಳಿದಿತ್ತು. ನಾನು ಆ ಒಂದು ಮೊಳದ ಮೇಲೆ ನಿಂತು ಅಳೆದೆ.

ಬಿಷಪರಿಂದ ಈ ಸಲ ಸಣ್ಣ ಕಾಗದ ಬಂತು. "ಆಚೆ ದಡ ಮುಟ್ಟಿದ ದಿನ ನಾನೇ ಬರುತ್ತೇನೆ. ಅಲ್ಲಿಯವರೆಗೆ ಏನನ್ನೂ ತೀರ್ಮಾನಿಸುವುದಿಲ್ಲ."

ಮುಂದಿನ ವರ್ಷಗಳಲ್ಲಿ ನಾವು ಹೊಳೆಯ ಮೇಲಿನ ಗುಡಿಗೆ ಒಗ್ಗಿಕೊಂಡೆವು. ಮುಂಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿಬಿಟ್ಟೆವು. ಎಲ್ಲರೂ ಪೀಠದ ಹಿಂದಿನ ಸಣ್ಣ ಬಾಗಿಲಿನಿಂದಲೇ ಒಳಗೆ ಬರಬೇಕು. ಮದುಮಗಳು ಬರುವುದೂ ಅಲ್ಲಿಂದಲೇ. ಅವಳು ತಲೆ ಬಗ್ಗಿಸಿ ಒಳಗೆ ಕಾಲಿಟ್ಟು, ಎದುರಿಗೆ ಇಡೀ ಜನ ಕೂತಿರುವುದು ಕಂಡು ನಾಚಿ ಮತ್ತೆ ಹೊರಗೆ ಹೋದದ್ದೂ ಉಂಟು. ಮಳೆಗಾಲದಲ್ಲಿ ನೀರಿನ ಸದ್ದಿಗೆ ಸ್ವಾಮಿಗಳ ಬೋಧನೆಯ ಪ್ರಸಂಗ ಕೇಳಿಸುತ್ತಿರಲಿಲ್ಲ. ಸ್ವಾಮಿಗಳು ಚುಟುಕಾಗಿ ಮುಗಿಸುತ್ತಿದ್ದರು, ಅದಕ್ಕೆ ಯಾರೂ ದೂರಲಿಲ್ಲ. ಹೊಳೆಯ ಮೇಲೆ ಜ್ಞಾನಸ್ನಾನವಾದ ಮಕ್ಕಳನ್ನು ನೀರಮಕ್ಕಳು ಎಂದು ಕರೆಯತೊಡಗಿದರು. ಹದಿನೇಳು ನೀರಮಕ್ಕಳು. ನನ್ನ ಕಿರಿಯ ಮಗಳೂ ಅವರಲ್ಲಿ ಒಬ್ಬಳು.

ಐದನೆಯ ವರ್ಷಕ್ಕೆ ಗುಡಿ ಮೂವತ್ತಮೂರು ಮೊಳ ದಾಟಿತ್ತು. ಆರು ಕಮಾನು ನಿಂತಿದ್ದವು. ಕಟ್ಟಿದ ಕಲ್ಲಿನ ತುದಿಯಿಂದ ಆಚೆ ದಡಕ್ಕೆ ಇನ್ನು ಎರಡೇ ಮೊಳ. ಆದರೆ ಆ ಎರಡು ಮೊಳ ಕಟ್ಟಬೇಕಾದರೆ ದಡದ ಮಣ್ಣಿನೊಳಗೆ ಗಟ್ಟಿಯಾಗಿ ಒಂದು ಕಲ್ಲುಗೋಡೆ ಇಳಿಸಬೇಕು. ಆ ಮಣ್ಣು ಚೆನ್ನಾಜಮ್ಮನದು. ಆಚೆ ಊರಿನ ಒಕ್ಕಲು ಹೆಂಗಸು, ಗಂಡ ತೀರಿಹೋಗಿ ಒಬ್ಬಳೇ ಎರಡು ಎಕರೆ ಮಾಡುತ್ತಿದ್ದಳು. ಮೊದಲಿನಿಂದ ಕೇಳಿದಾಗಲೆಲ್ಲ "ಬಂದಾಗ ನೋಡಾನ ಬುಡಿ" ಎನ್ನುತ್ತಿದ್ದವಳು, ಈಗ ಸುಮ್ಮನೆ ತಲೆ ಆಡಿಸಿ ಒಳಗೆ ಹೋಗಿಬಿಟ್ಟಳು. ಮಳೆ ಕಳೆಯಲಿ, ಮತ್ತೆ ಕೇಳೋಣ ಎಂದು ಬಿಟ್ಟೆವು.

ಆ ಮಳೆ ಹಾಗೆ ಕಳೆಯಲಿಲ್ಲ. ಹಿಂಗಾರಿನಲ್ಲಿ ಮೂರು ದಿನ ಬಿಡದೆ ಹೊಯ್ದು, ನಾಲ್ಕನೆಯ ದಿನ ಬೆಳಿಗ್ಗೆ ಹೊಳೆ ಕೆಂಪಾಗಿ, ಬೇರುಸಹಿತ ಮರಗಳನ್ನು ಹೊತ್ತುಕೊಂಡು ಬಂತು. ನಾವೆಲ್ಲ ದಡದಲ್ಲಿ ಸಾಲಾಗಿ ನಿಂತು ನೋಡಿದೆವು. ಒಂದು ದೊಡ್ಡ ಹೊನ್ನೆಮರ ಕೊನೆಯ ಕಂಬಕ್ಕೆ ಬಂದು ಬಡಿಯಿತು, ಹಿಂದೆ ಸರಿದು ಇನ್ನೊಮ್ಮೆ ಬಡಿಯಿತು. ಕಂಬ ಕೂತಲ್ಲೇ ಕರಗಿದಂತೆ ಇಳಿಯಿತು. ಆರನೆಯ ಕಮಾನು ಅದರ ಹಿಂದೆಯೇ ಹೋಯಿತು. ನೀರು ಇಳಿದಾಗ ನೋಡಿದರೆ ಗುಡಿಯ ಮುಂಭಾಗ ಮೂರು ಮೊಳ ಗಾಳಿಯ ಮೇಲೆ ನಿಂತಿತ್ತು. ಕೆಳಗೆ ಏನೂ ಇಲ್ಲ. ಗೋಡೆಯಲ್ಲಿ ಒಂದು ಬಿರುಕೂ ಇಲ್ಲ.

ಇಂಜಿನಿಯರ್ ಮತ್ತೆ ಬಂದ. ಯಾರೂ ಒಳಗೆ ಹೋಗಬಾರದು ಎಂದ. ಸ್ವಾಮಿಗಳು ಯೋಚಿಸಿ, ಪೂಜೆ ನಿಲ್ಲುವುದಿಲ್ಲ, ಆದರೆ ಎಲ್ಲರೂ ಪೀಠದ ಹತ್ತಿರವೇ ಒತ್ತಾಗಿ ಕೂರಬೇಕು, ಬಾಗಿಲ ಕಡೆ ಒಬ್ಬರೂ ಹೋಗಕೂಡದು ಎಂದರು. ನಮ್ಮ ಊರಿನ ಗಂಡಸರು ತಲೆತಲಾಂತರದಿಂದ ಪ್ರಸಂಗದ ಹೊತ್ತಿಗೆ ಬಾಗಿಲ ಹತ್ತಿರ ನಿಂತು ಅಭ್ಯಾಸವಾದವರು. ಧರ್ಮಕೇಂದ್ರದ ಚರಿತ್ರೆಯಲ್ಲಿ ಮೊದಲ ಸಲ ಅವರೆಲ್ಲ ಮುಂದೆ ಬಂದು ಕೂತರು.

ನಗು ಅಷ್ಟಕ್ಕೇ. ಮುಂದಿನ ಪಾಸ್ಕಕ್ಕೆ ಉಳಿದದ್ದು ಐದು ತಿಂಗಳು. ಬಿದ್ದ ಕಂಬ ಎಬ್ಬಿಸಬೇಕು, ಕಮಾನು ಕಟ್ಟಬೇಕು, ಆಚೆ ದಡದ ಗೋಡೆ ಇಳಿಸಬೇಕು. ನೀರು ಪೂರ್ತಿ ತಗ್ಗುವವರೆಗೆ ಕಂಬಕ್ಕೆ ಕೈ ಹಾಕುವಂತಿಲ್ಲ. ದಡದ ಗೋಡೆಗಾದರೆ ಇವತ್ತೇ ಕೈ ಹಾಕಬಹುದು. ಚೆನ್ನಾಜಮ್ಮ ಒಪ್ಪಬೇಕು, ಅಷ್ಟೆ.

"ನೀನೊಬ್ಳೇ ಹೋಗಿ ಬಾ" ಎಂದ ಮಿಕ್ಕೇಲಪ್ಪ ನನಗೆ. "ಗಂಡಸ್ರು ಗುಂಪಾಗಿ ಹೋಗಿ ಹೋಗಿ ಅವಳ ಬಾಯಿ ಮುಚ್ಚಿಸಿಬುಟ್ವಿ."

ನಾನು ಸುತ್ತಿ ಬಳಸಿ ತೂಗುಸೇತುವೆಯ ದಾರಿಯಿಂದ ಆಚೆಗೆ ಹೋದೆ. ಚೆನ್ನಾಜಮ್ಮ ಹೊಲದಲ್ಲಿ ಮೆಣಸಿನ ಗಿಡಕ್ಕೆ ಪಾತಿ ಮಾಡುತ್ತಿದ್ದಳು. ನನ್ನನ್ನು ಕಂಡರೂ ಗುದ್ದಲಿ ಬಿಡಲಿಲ್ಲ. ನಾನು ಏನೂ ಕೇಳದೆ ಅವಳ ಪಕ್ಕದ ಸಾಲಿನಲ್ಲಿ ಕೂತು ಕಳೆ ಕಿತ್ತೆ. ಒಂದು ಸಾಲು ಮುಗಿದ ಮೇಲೆ ಅವಳೇ ಬಾಯಿ ತೆಗೆದಳು.

"ಅಳೆಯೋಳು ನೀನೇ ಅಲ್ವಾ?"

"ಹೂಂ ಕಣವ್ವ."

"ನಿಮ್ ಗುಡಿ ಸೊಟ್ಟ ನಡೆಯಲ್ವಾ? ಒಂದೇ ಒಂದು ಕಿತ ಒಸಿ ಪಕ್ಕಕ್ಕೆ?"

"ಇಲ್ಲ. ನಮ್ಮಜ್ಜನ ಕಾಲದಿಂದ ಒಂದು ಬೆರಳೂ ಪಕ್ಕಕ್ಕೆ ಹೋಗಿಲ್ಲ."

ಅವಳು ಎದ್ದು ನನ್ನನ್ನು ದಡದ ಹತ್ತಿರಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಒಂದು ಹಾಸುಗಲ್ಲು, ತಲೆಯ ಕಡೆ ತುಳಸಿ ಗಿಡ, ಆರಿದ ಹಣತೆ. "ನಮ್ಮನೇವ್ರು" ಎಂದಳು. "ಹೊಳೆ ಕಡೆ ಮಕ ಮಾಡಿ ಮಲಗಿಸಿ ಅಂತ ತಾನೇ ಹೇಳಿದ್ರು. ನಾನು ಓದ್ದೋಳಲ್ಲ, ಆದ್ರೂ ಕಣ್ಣಿಂದ್ಲೇ ಅಳ್ದಿವ್ನಿ. ನಿಮ್ ಗುಡಿ ನೆಟ್ಟಗೆ ಇವ್ರ ಮ್ಯಾಕೇ ಬತ್ತದೆ."

ನಾನು ಹಗ್ಗ ಬಿಚ್ಚಿದೆ. ಅಳೆಯುತ್ತ ಬೇರೆ ಏನಾದರೂ ಬರಲಿ ಎಂದು ಹಾರೈಸಿದೆ. ದಡದಿಂದ ನಾಲ್ಕು ಮೊಳ. ಗುಡಿಯ ಬಾಗಿಲು ಬಂದು ನಿಲ್ಲುವುದು ದಡದಿಂದ ಆರು ಮೊಳದಲ್ಲಿ. ಎರಡು ಗೋಡೆಗಳ ನಡುವಿನ ಜಾಗದಲ್ಲಿ ಸಮಾಧಿ ಸ್ವಲ್ಪ ಎಡಕ್ಕಿತ್ತು. ಅವಳಿಗೆ ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಗೋಡೆ ಇಳಿಸಲು ಒಪ್ಪುತ್ತಿದ್ದಳೇನೋ.

"ನೀನು ಹೇಳ್ದಂಗೇ ಐತೆ, ಚೆನ್ನಾಜವ್ವ" ಎಂದೆ. "ಆದ್ರೆ ಗುಡಿ ಈ ಕಲ್ಲು ತುಳಿಯಲ್ಲ. ಗುಡಿಗೆ ತನ್ನದು ಅಂತ ನೆಲ ಇಲ್ಲ, ನಿಂತ ಮಣ್ಣೇ ನೆಲ. ಗೋಡೆಗಳು ಆಚೆಗೊಂದು ಈಚೆಗೊಂದು ಬರ್ತವೆ. ಇವ್ರು ಒಳಗಾಗ್ತಾರೆ. ಬಾಗಿಲು ದಾಟಿದ ಕೂಡ್ಲೆ ಎಡಗಡೆ."

"ಎಷ್ಟು ವರ್ಷ?"

"ಗುಡಿ ಉದ್ದ ನಲವತ್ತು ಮೊಳ. ನಾಲ್ಕು ವರ್ಷ."

ಅವಳು ಬಗ್ಗಿ ಆರಿದ ಹಣತೆಯ ಬತ್ತಿ ಸರಿಮಾಡಿದಳು. "ದಿನಾ ದೀಪ ಹಚ್ತೀನಿ ನಾನು. ಸೋಮಾರ ಎಡೆ ಇಡ್ತೀನಿ. ನಿಮ್ ಗುಡಿ ಒಳಕ್ಕೆ ಬಂದು ನಾನು ಎಡೆ ಇಕ್ಕಿದ್ರೆ ನಿಮ್ ಸ್ವಾಮ್ಯೋರು ಸುಮ್ಕಿರ್ತಾರಾ? ಅದನ್ನ ಕೇಳ್ಕಂಡು ಬಾ. ಆಮೇಲೆ ಮಾತಾಡಾನ."

ಲೂಕಾಸ್ ಸ್ವಾಮಿಗಳು ನನ್ನ ಮಾತು ಪೂರ್ತಿ ಕೇಳಿದರು. ಬಿಷಪರನ್ನು ಕೇಳಬೇಕು ಎಂದಿದ್ದರೆ ಒಂದು ತಿಂಗಳು ಹೋಗುತ್ತಿತ್ತು. ಅವರು ಕೇಳಲಿಲ್ಲ. ಕೊಡೆ ಹಿಡಿದು ನನ್ನ ಜೊತೆಯಲ್ಲೇ ಹೊರಟರು. ಏದುಸಿರು ಬಿಡುತ್ತ ಚೆನ್ನಾಜಮ್ಮನ ಜಗಲಿಯ ಮೇಲೆ ಕೂತು, ಅವಳು ಕೊಟ್ಟ ಮಜ್ಜಿಗೆ ಕುಡಿದು ಹೇಳಿದರು.

"ಅಮ್ಮಾ, ಅವರ ಜಾಗಕ್ಕೆ ನಾವು ಬರ್ತಿರೋದು. ಅವರು ನಮ್ಮ ಜಾಗಕ್ಕೆ ಬರ್ತಾ ಇಲ್ಲ. ಅನುಮತಿ ಕೇಳಬೇಕಾದೋರು ನಾವು. ನೀವು ಯಾವಾಗ ಬೇಕಾದ್ರೂ ಬನ್ನಿ, ದೀಪ ಹಚ್ಚಿ, ಎಡೆ ಇಡಿ. ಪೂಜೆ ನಡೀತಿದ್ರೂ ಬನ್ನಿ."

"ಪೂಜೆ ಟೇಮ್ನಾಗೆ ನಾನ್ಯಾಕ್ ಬರ್ಲಿ ಬುಡಿ, ನಿಮಗೆ ತೊಂದ್ರೆ" ಎಂದಳು ಚೆನ್ನಾಜಮ್ಮ. ಆಮೇಲೆ ಗುದ್ದಲಿ ತೆಗೆದುಕೊಂಡು ನಮಗಿಂತ ಮುಂದೆ ನಡೆದು, ದಡದಲ್ಲಿ ಒಂದು ಗೆರೆ ಎಳೆದಳು. "ಇಲ್ಲಿಂದ ಅಗೀರಿ. ಕಲ್ಲಿನ ಈ ಕಡೆ ಗುದ್ದಲಿ ಬೀಳ್ಬಾರ್ದು, ಹೇಳಿವ್ನಿ."

ಅಲ್ಲಿಂದ ಮುಂದಿನ ತಿಂಗಳುಗಳು ನನಗೆ ಒಂದೇ ದಿನದಂತೆ ನೆನಪಿವೆ. ವಾರಕ್ಕೆ ಎರಡು ದಿನ ಎಂಬ ಲೆಕ್ಕ ಹೋಗಿ ದಿನವೂ ಎಲ್ಲರೂ. ಒಂದು ಬೆಳೆ ಹುಳ ಸಾಕುವುದನ್ನೇ ಬಿಟ್ಟೆವು. ಆಚೆ ಊರಿನಿಂದ ಮೊದಲು ಚೆನ್ನಾಜಮ್ಮನ ಮೈದುನ ಬಂದ, ಆಮೇಲೆ ಅವನ ಜೊತೆ ನಾಲ್ಕು ಜನ, ಆಮೇಲೆ ಎಣಿಸುವುದನ್ನು ಬಿಟ್ಟೆವು. ಅವರು ಆಚೆಯಿಂದ ಗೋಡೆ ಎಬ್ಬಿಸಿದರು, ನಾವು ಈಚೆಯಿಂದ ಕಂಬ. ತಲೆಯ ಮೇಲೆ ಗುಡಿಯ ಬಾಗಿಲು ಗಾಳಿಯಲ್ಲಿ ನಿಂತಿತ್ತು, ಅದರ ನೆರಳಿನಲ್ಲಿ ಕೆಲಸ. ಪಾಸ್ಕಕ್ಕೆ ಮುಂಚಿನ ತಪಸ್ಸುಕಾಲದ ಉಪವಾಸದ ಶುಕ್ರವಾರಗಳಲ್ಲಿ ಆಚೆಯವರು, ನಾವು ತಿನ್ನದೆ ಇರುವಾಗ ತಾವು ಹೇಗೆ ತಿನ್ನುವುದು ಎಂದು ಬುತ್ತಿ ಬಿಚ್ಚಲಿಲ್ಲ. ಕೊನೆಯ ಕಮಾನಿನ ನಡುಗಲ್ಲು ಕೂತದ್ದು ಪಾಸ್ಕಕ್ಕೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರದ ಹಿಂದಿನ ದಿನ. ಗುಡಿ ನಡೆಯಲು ಹನ್ನೆರಡು ದಿನ ಉಳಿದಿತ್ತು.

ಇಂಜಿನಿಯರ್ ಬಂದು ಗಾರೆಗೆ ಉಗುರು ಚುಚ್ಚಿ ನೋಡಿದ. "ಹಸಿ ಇದೆ. ಸುಣ್ಣದ ಗಾರೆ ಗಟ್ಟಿಯಾಗೋಕೆ ವರ್ಷ ಬೇಕು" ಎಂದ. ಅವನ ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ, ನಿಜವಾದ ಸಂಕಟವಿತ್ತು.

"ಗಾರೆ ಇರೋದು ನೀರು ನುಗ್ಗದಂಗೆ ತಡೆಯೋಕೆ ಸ್ವಾಮಿ" ಎಂದ ಮಿಕ್ಕೇಲಪ್ಪ. "ಹೊರೋದು ಕಲ್ಲು."

ಗುರುವಾರ ಬಂತು. ಬಿಷಪರು ಮಾತಿನಂತೆ ಬಂದರು. ಬಿಸಿಲು ಕಾದಿತ್ತು, ಹೊಳೆಯ ಪಾತ್ರ ಒಣಗಿ ಮರಳು ಬೆಳ್ಳಗೆ ಹೊಳೆಯುತ್ತಿತ್ತು. ಎರಡೂ ದಡದಲ್ಲಿ ಜನ. ಬಿಷಪರು ಆಚೆ ದಡದಲ್ಲಿ ಚೆನ್ನಾಜಮ್ಮನ ಹೊಲದ ಬದುವಿನ ಮೇಲೆ ನಿಂತಿದ್ದರು. ಅವರ ಕೊಡೆಯ ಅರ್ಧ ನೆರಳು ಅವಳ ಮೇಲಿತ್ತು. ಅವಳು ಗುಡಿ ಬರುವಷ್ಟು ಅಗಲಕ್ಕೆ ಮೆಣಸಿನ ಗಿಡಗಳನ್ನೆಲ್ಲ ಕಿತ್ತು ನೆಲ ಸಮ ಮಾಡಿ, ಸೆಗಣಿನೀರು ಚಿಮುಕಿಸಿದ್ದಳು.

ನಡುಮಧ್ಯಾಹ್ನಕ್ಕೆ ಇನ್ನು ಸ್ವಲ್ಪ ಹೊತ್ತಿದೆ ಎನ್ನುವಾಗ ಮಿಕ್ಕೇಲಪ್ಪ ಕೋಲು ಊರಿಕೊಂಡು ಹೊಳೆಗೆ ಇಳಿಯತೊಡಗಿದ.

"ಎಲ್ಲಿಗೆ ಮಿಕ್ಕೇಲಣ್ಣ?" ಎಂದೆ.

"ಕಟ್ದೋನು ಕೆಳಗಿರ್ಬೇಕವ್ವ" ಎಂದ. ನಿಲ್ಲಲಿಲ್ಲ. ಮರಳಿನಲ್ಲಿ ಕಾಲು ಹುಗಿಯುತ್ತ ನಡೆದು, ಕೊನೆಯ ಕಮಾನಿನ ಸರಿಯಾಗಿ ಕೆಳಗೆ ನಿಂತು, ಹೊಸ ಕಂಬಕ್ಕೆ ಬೆನ್ನು ಕೊಟ್ಟ.

ಅಲ್ಲಿ ಅವನೊಬ್ಬನೇ ನಿಂತದ್ದು ನೋಡಿ ನನಗೆ ದಡದ ಮೇಲೆ ಕಾಲು ನಿಲ್ಲಲಿಲ್ಲ. ಹನ್ನೊಂದು ಮೊಳ ಎಂದು ಪ್ರತಿ ವರ್ಷ ಹೇಳಿದವಳು ನಾನು. ಮಗಳ ಕೈಯನ್ನು ಅಕ್ಕನಿಗೆ ಕೊಟ್ಟು ಇಳಿದೆ. "ಅಳ್ದೋಳೂ ಇಲ್ಲೇ ಇರ್ತಾಳೆ" ಎಂದು ಅವನ ಪಕ್ಕ ನಿಂತೆ. ಅವನು ಒಂದು ಹೆಜ್ಜೆ ಸರಿದು ಕಂಬದ ಹತ್ತಿರ ನನಗೂ ಜಾಗ ಬಿಟ್ಟ. ತಿರುಗಿ ನೋಡಿದರೆ ಲೂಕಾಸ್ ಸ್ವಾಮಿಗಳು ನಿಲುವಂಗಿ ಎತ್ತಿಕೊಂಡು ಇಳಿಯುತ್ತಿದ್ದರು. ಅವರ ಹಿಂದೆ ಅಳಲೆಕಾಯಿ ಕುಟ್ಟಿದ ಹೆಂಗಸರು. ಅವರ ಹಿಂದೆ ಬಾವಿಯ ಹತ್ತಿರ ನನ್ನನ್ನು ದೂರಿದಾಕೆ, ಬಾಯಲ್ಲಿ ಜಪಮಾಲೆಯ ಪ್ರಾರ್ಥನೆ. ಆಚೆ ದಡದಿಂದ ಚೆನ್ನಾಜಮ್ಮನ ಮೈದುನ ಮತ್ತು ಅವನ ಜೊತೆಗಾರರು. ಆರು ಕಮಾನುಗಳ ಕೆಳಗೂ ಜನ ತುಂಬಿತು. ಇಂಜಿನಿಯರ್ ದಡದಲ್ಲಿ ಕೈ ಕಟ್ಟಿಕೊಂಡು ನಿಂತಿದ್ದವನು, ಬೂಟು ಬಿಚ್ಚಿ ಒಂದರ ಪಕ್ಕ ಒಂದಿಟ್ಟು, ತಾನೂ ಇಳಿದು ಬಂದು ಮೂರನೆಯ ಕಮಾನಿನ ಕೆಳಗೆ ನಿಂತ.

ಹೊತ್ತು ನೆತ್ತಿಗೆ ಬಂತು. ಯಾರೋ ಸಂತರ ಪ್ರಾರ್ಥನಾಮಾಲೆ ಶುರುಮಾಡಿದರು. ನಮಗಾಗಿ ಪ್ರಾರ್ಥಿಸಿರಿ ಎಂದು ಎಲ್ಲರೂ ಹೇಳುವಾಗ ಆ ಮಾತು ಕಮಾನಿನಿಂದ ಕಮಾನಿಗೆ ಹೋಗಿ ವಾಪಸ್ಸು ಬರುತ್ತಿತ್ತು. ಆಮೇಲೆ ಪ್ರಾರ್ಥನೆ ತಾನಾಗಿ ನಿಂತಿತು. ಗುಡಿ ಎದ್ದಿತ್ತು.

ಅದನ್ನು ಕೆಳಗಿನಿಂದ ಕೇಳಿದವರು ನಾವೇ ಮೊದಲಿಗರು. ಕಲ್ಲಿನೊಳಗೆ ಒಂದು ಗುಡುಗು ನಿಧಾನವಾಗಿ ನಡೆದು ಬಂದ ಹಾಗೆ. ಮೊದಲ ಕಮಾನು, ಎರಡನೆಯದು, ಮೂರನೆಯದು. ಸುಣ್ಣದ ಪುಡಿ ನಮ್ಮ ತಲೆಯ ಮೇಲೆ ಉದುರಿತು. ನನ್ನ ಅಂಗೈ ಹೊಸ ಕಂಬದ ಮೇಲಿತ್ತು. ಭಾರ ಬಂದು ಕೂತಾಗ ಆ ಕಂಬ ಕೂದಲೆಳೆಯಷ್ಟು ಇಳಿದದ್ದು ನನ್ನ ಕೈಗೆ ತಿಳಿಯಿತು. ಮಿಕ್ಕೇಲಪ್ಪ ಕಣ್ಣು ಮುಚ್ಚಿ, ಕಂಬಕ್ಕೆ ತಲೆ ಒತ್ತಿ ನಿಂತಿದ್ದ. ಇನ್ನಷ್ಟು ಇಳಿಯಲಿಲ್ಲ. ಕಲ್ಲು ಕಲ್ಲನ್ನು ಬಿಗಿಯಾಗಿ ಹಿಡಿದುಕೊಂಡಿತು. ಗುಡುಗು ನಮ್ಮ ತಲೆಯ ಮೇಲಿನಿಂದ ದಾಟಿ ಮುಂದೆ ಹೋಯಿತು. ಮತ್ತೆ ಸದ್ದಿಲ್ಲ.

ಮೇಲಿನಿಂದ ಚೆನ್ನಾಜಮ್ಮನ ದನಿ ಬಂತು. "ಬಂತು ಕಣ್ರೋ. ಮ್ಯಾಕ್ ಬನ್ನಿ."

ಜನ ಮರಳಿನಲ್ಲಿ ಬಿದ್ದೆದ್ದು ಓಡಿದರು. ಯಾರು ಯಾರ ಕೈ ಹಿಡಿದು ದಡ ಹತ್ತಿಸಿದರೋ ನೆನಪಿಲ್ಲ. ಮಿಕ್ಕೇಲಪ್ಪನನ್ನು ಇಬ್ಬರು ಹೆಗಲ ಮೇಲೆ ಕೂರಿಸಿಕೊಂಡರು. ಅವನು ಬೇಡ ಬೇಡ ಎನ್ನುತ್ತಲೇ ನಗುತ್ತಿದ್ದ, ಬಿಳಿ ಪುಡಿ ತುಂಬಿದ ಗಡ್ಡದ ಮೇಲೆ ಕಣ್ಣೀರು ದಾರಿ ಮಾಡಿತ್ತು. ಇಂಜಿನಿಯರ್ ಅವನ ಪಕ್ಕದಲ್ಲೇ ಬರಿಗಾಲಲ್ಲಿ ನಡೆಯುತ್ತ, "ಗಾರೆಗೆ ಬೆಲ್ಲ ಎಷ್ಟು ಹಾಕಿದ್ರಿ?" ಎಂದು ಎರಡು ಸಲ ಕೇಳಿದ. ಸ್ವಾಮಿಗಳು ಹಿಂಬಾಗಿಲಿನಿಂದ ಒಳಗೆ ಹೋಗಿ, ತುಕ್ಕು ಹಿಡಿದ ಅಗುಳಿಯನ್ನು ಕಲ್ಲಿನಿಂದ ಬಡಿದು ಬಡಿದು ತೆಗೆದರು. ಮೂರು ವರ್ಷ ಮುಚ್ಚಿದ್ದ ಮುಂಬಾಗಿಲು ಮಣ್ಣಿನ ಕಡೆಗೆ ತೆರೆದುಕೊಂಡಿತು.

ಎಲ್ಲರೂ ಬಾಗಿಲ ಹೊರಗೇ ನಿಂತೆವು. ಬಿಷಪರೂ ನಿಂತರು. ಚೆನ್ನಾಜಮ್ಮ ಸೆರಗಿನ ಮರೆಯಲ್ಲಿ ಹಣತೆ ಹಿಡಿದು ಒಬ್ಬಳೇ ಒಳಗೆ ಹೋದಳು. ಎಡಗಡೆ, ನಾನು ಹೇಳಿದ ಜಾಗದಲ್ಲೇ, ಹಾಸುಗಲ್ಲೂ ತುಳಸಿಯೂ ಇದ್ದ ಹಾಗೆಯೇ ಇದ್ದವು. ಅವಳು ಕಲ್ಲಿನ ಮೇಲೆ ಉದುರಿದ್ದ ಸುಣ್ಣದ ಪುಡಿಯನ್ನು ಸೆರಗಿನಿಂದ ಒರೆಸಿದಳು. ದೀಪ ಹಚ್ಚಿದಳು. "ಬಿಸಿಲು ಬೀಳ್ತಿತ್ತು ನಿಮಗೆ, ಈಗ ನೆಳ್ಳಾಯ್ತು" ಎಂದು ಮೆಲ್ಲಗೆ ಗಂಡನಿಗೆ ಹೇಳಿದ್ದು ಬಾಗಿಲಲ್ಲಿದ್ದ ನನಗೆ ಕೇಳಿಸಿತು.

ಬಿಷಪರು ಲೂಕಾಸ್ ಸ್ವಾಮಿಗಳ ಕಡೆ ತಿರುಗಿದರು. "ಇದನ್ನು ಮುಚ್ಚುವ ಕಾಗದ ಇನ್ನೂ ನನ್ನ ಮೇಜಿನ ಮೇಲಿದೆ. ನಾಳೆ ಅದು ಇರೋದಿಲ್ಲ" ಎಂದರು. ಆ ಮಾತು ಬಾಯಿಂದ ಬಾಯಿಗೆ ಹಿಂದಕ್ಕೆ ಹೋಯಿತು. ಹೋದಲ್ಲೆಲ್ಲ ಒಂದು ಉದ್ಗಾರ ಎದ್ದಿತು. ಯಾರೋ ಓಡಿ ಗಂಟೆಯ ಹಗ್ಗ ಹಿಡಿದು ಜಗ್ಗತೊಡಗಿದರು. ಹೊಳೆಯ ಎರಡೂ ಕಡೆಯ ಜನ ಒಮ್ಮೆಗೇ ಬಾಗಿಲಿಗೆ ನುಗ್ಗಿದರು. ಸಾಲು ಗೀಲು ಏನೂ ಉಳಿಯಲಿಲ್ಲ.

ಗಂಡನ ಪಕ್ಕ ಕೂತಿದ್ದ ಚೆನ್ನಾಜಮ್ಮ ತಟ್ಟನೆ ಎದ್ದು ಬಾಗಿಲಿಗೆ ಬಂದು ಎರಡೂ ಕೈ ಚಾಚಿ ನಿಂತಳು.

"ಮೆಣಸಿನ್ ಗಿಡ ತುಳೀಬ್ಯಾಡ್ರೋ, ಈ ಕಡೆಯಿಂದ ಬನ್ನಿ" ಎಂದಳು. "ನಿಧಾನಕ್ ಬನ್ನಿ. ಎಲ್ಲಾರ್ಗೂ ಜಾಗ ಐತೆ."